ಜಡ್ಜಮ್ಮನ ಪರೀಕ್ಷೆ

ಹೆತ್ತ ತಾಯಿ ಮನೆಯಲ್ಲಿರಬೇಕೋ ಬೇಡವೋ ಎಂಬುದನ್ನು ಎರಡು ಜೊತೆ ಸ್ಪೀಕರ್‌ಗಳನ್ನು ಇಟ್ಟು ತೀರ್ಮಾನಿಸಲು ಹೊರಟ ಮಗನನ್ನು ಏನನ್ನಬೇಕು? ಕೆಟ್ಟವನು ಎನ್ನುವಂತಿಲ್ಲ. ಅವನದು ಕನ್ನಡಕದ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಜನರ ಕಣ್ಣಿನ ಮುಂದೆ ಗಾಜು ಬದಲಿಸುತ್ತ, "ಇದು ಸ್ಪಷ್ಟವಾ, ಇದು ಸ್ಪಷ್ಟವಾ?" ಎಂದು ಕೇಳುವ ಕಸುಬು. ಕೇಳಿ ಕೇಳಿ, ಲೋಕದ ಯಾವ ತಕರಾರೇ ಇರಲಿ, ಎರಡನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಬಗೆಹರಿಯುತ್ತದೆ ಎಂಬ ನಂಬಿಕೆ ಅವನ ತಲೆಯೊಳಗೆ ಹೊಕ್ಕು ಕೂತಿತ್ತು.

ಅವನ ಅಮ್ಮ ಇಪ್ಪತ್ತಾರು ವರ್ಷ ಒಂದು ಸ್ಪೀಕರ್ ಕಾರ್ಖಾನೆಯ ಕೊನೆಯ ಕೋಣೆಯಲ್ಲಿ ಕೆಲಸ ಮಾಡಿದವಳು. ಗೋಡೆಗೆಲ್ಲ ಕಂಬಳಿ ಹೊಡೆದ, ಕಿಟಕಿಯಿಲ್ಲದ ಕೋಣೆ. ನಡುವೆ ಒಂದೇ ಒಂದು ಕುರ್ಚಿ. ತಯಾರಾದ ಪ್ರತಿ ಜೊತೆಯೂ ಅವಳೆದುರು ಅರ್ಧ ನಿಮಿಷ ಹಾಡಬೇಕು. ಅವಳು ಕಣ್ಣು ಮುಚ್ಚಿ ಕೇಳಿ, ತಲೆದೂಗಿದರೆ ಪೆಟ್ಟಿಗೆ ಲಾರಿಗೆ, ಇಲ್ಲದಿದ್ದರೆ ವಾಪಸು ಮೇಜಿಗೆ. ಮೀಟರು ಹಿಡಿದು ಓಡಾಡುವ ಇಂಜಿನಿಯರುಗಳೂ ಕೊನೆಗೆ ಅವಳ ತಲೆಯನ್ನೇ ನೋಡುತ್ತ ನಿಲ್ಲುತ್ತಿದ್ದರು. ಜಡ್ಜಮ್ಮ ಎಂದು ಹೆಸರಿಟ್ಟವರು ಅವರೇ. ಕಾರ್ಖಾನೆ ಮುಚ್ಚಿದ ದಿನ ಅವಳು ಕೊನೆಯದಾಗಿ ಪಾಸು ಮಾಡಿದ ಜೊತೆಯನ್ನು ಅವಳಿಗೇ ಕೊಟ್ಟು ಕಳಿಸಿದರು. ಮನೆಯಲ್ಲಿ ಅವು ಹತ್ತು ವರ್ಷ ಹಾಡಿದವು, ಆಮೇಲೆ ಕೆಟ್ಟು ಹೂಕುಂಡ ಇಡುವ ಮಣೆಗಳಾದವು.

ಈಗ ಜಡ್ಜಮ್ಮನ ತಲೆಯೇ ಕೈಕೊಡತೊಡಗಿತ್ತು. ನಲ್ಲಿ ತಿರುಗಿಸಿ ಮರೆತು ಕೆಳಗಿನ ಮನೆಯವರ ಸೂರು ತೊಯ್ಯಿಸಿದಳು. ಮೂವತ್ತು ವರ್ಷ ಓಡಾಡಿದ ಬೀದಿಯಲ್ಲೇ ದಾರಿ ತಪ್ಪಿ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ಕಾಯ್ದು ಕಾಯ್ದು ಸೊಸೆ ಹೈರಾಣಾದಳು. ಮಗನ ಅಕ್ಕ, ಎಲ್ಲ ಮನೆಗಳ ಅಕ್ಕಂದಿರಂತೆ, ದೂರದಲ್ಲಿದ್ದುಕೊಂಡೇ ಪರಿಹಾರ ಹುಡುಕಿದಳು: ಊರಾಚೆ ಮುದುಕರನ್ನು ನೋಡಿಕೊಳ್ಳುವ ಒಂದು ಜಾಗವಿದೆ, ತೋಟವಿದೆ, ನರ್ಸುಗಳಿದ್ದಾರೆ, ಹಾಸಿಗೆ ಖಾಲಿಯಿದೆ.

"ಅಮ್ಮನ ಬುದ್ಧಿ ಇರೋದು ಕಿವೀಲಿ," ಎಂದ ಮಗ. "ಅವಳ ಹಳೇ ಸ್ಪೀಕರ್ ನಾನು ರಿಪೇರಿ ಮಾಡ್ತೀನಿ. ನಾನು ಮೊನ್ನೆ ಕೊಂಡ ಹೊಸ ಜೊತೆ ಪಕ್ಕ ಇಟ್ಟು, ಪರದೆ ಹಾಕಿ ಕೇಳಿಸ್ತೀನಿ. ತನ್ನದು ಯಾವುದು ಅಂತ ಗುರುತು ಹಿಡಿದ್ರೆ ಅವಳು ಇಲ್ಲೇ ಇರ್ತಾಳೆ. ಹಿಡೀಲಿಲ್ವಾ, ಅಲ್ಲಿಗೆ ಸೇರಿಸೋ ಕಾಗದಕ್ಕೆ ನಾನೇ ಸಹಿ ಹಾಕ್ತೀನಿ."

"ಡಾಕ್ಟರು ಹೇಳಬೇಕಾದ್ದನ್ನ ಪೆಟ್ಟಿಗೆ ಹೇಳುತ್ತಾ?" ಎಂದಳು ಹೆಂಡತಿ. ಆದರೂ ಒಪ್ಪಿದಳು. ಅಕ್ಕನೂ ಫೋನಿನಲ್ಲಿ ಒಪ್ಪಿದಳು. ಕೇಳದೆ ಬಿಟ್ಟದ್ದು ಅಮ್ಮನನ್ನು ಮಾತ್ರ.

ಮೂರು ತಿಂಗಳು ಅವನು ಭಾನುವಾರ ಎನ್ನದೆ ದುಡಿದ. ಹಿಂದಿನ ಬಾಲ್ಕನಿಯಲ್ಲಿ ಇಸ್ತ್ರಿ ಮೇಜೇ ಅವನ ಕಾರ್ಖಾನೆ. ಸದ್ದು ಹೊರಡಿಸುವ ಕಾಗದದ ಕೋನಿನ ಸುತ್ತ ಇರುವ ಸ್ಪಂಜಿನ ಉಂಗುರ ಮುಟ್ಟಿದರೆ ಪುಡಿಯಾಗಿ ಉದುರುತ್ತಿತ್ತು. ಅದನ್ನು ಉಗುರಿನಲ್ಲಿ ಕೆರೆದು, ಹೊಸ ಉಂಗುರ ತರಿಸಿ, ಕೋನು ಒಂದು ಕೂದಲೆಳೆಯೂ ಓರೆಯಾಗದಂತೆ ಉಸಿರು ಬಿಗಿಹಿಡಿದು ಅಂಟಿಸಿದ. ಒಣಗಿಹೋದ ಕೆಪಾಸಿಟರುಗಳನ್ನು ಕಿತ್ತು ಹೊಸದು ಹಾಕಿದ. ಮರಕ್ಕೆ ಎಣ್ಣೆ ತಿಕ್ಕಿದ. ಪೆಟ್ಟಿಗೆಯ ಬೆನ್ನಿನಲ್ಲಿ ತಂತಿ ಸಿಕ್ಕಿಸುವ ತಿರುಪುಗಳು ತುಕ್ಕು ತಿಂದಿದ್ದವು. ಅವನ್ನು ತೆಗೆದು ಒಂದು ಕೆಂಪು, ಒಂದು ಕಪ್ಪು, ಹೊಳೆಯುವ ಹೊಸ ತಿರುಪು ಕೂರಿಸಿದ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ನಿನ್ನ ಬೆಸುಗೆ ಮೂಗಿನ ಸಿಂಬಳದ ಹಾಗಿದೆ ಕಣೋ," ಎಂದು ನಗುತ್ತಿದ್ದಳು. ಅವನೂ ನಗುತ್ತಿದ್ದ. ಅಮ್ಮ, ಮಗ ಅಷ್ಟು ಹೊತ್ತು ಜೊತೆಗಿದ್ದು ಎಷ್ಟು ವರ್ಷವಾಗಿತ್ತೋ.

ತಪ್ಪಾದದ್ದು ಆ ತಿರುಪಿನಲ್ಲಿ. ಒಳಗಿನ ಎರಡೂ ತಂತಿಗಳು ಮಾಸಿ ಒಂದೇ ಬಣ್ಣಕ್ಕೆ ತಿರುಗಿದ್ದವು. ಎಡ ಪೆಟ್ಟಿಗೆಯಲ್ಲಿ ಸರಿಯಾಗಿ ಬೆಸೆದ, ಬಲದ್ದರಲ್ಲಿ ಅದಲುಬದಲು ಮಾಡಿದ. ಹಾಗಾದರೆ ಒಂದು ಪೆಟ್ಟಿಗೆ ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಒಂದೊಂದನ್ನೇ ಹಾಕಿ ಕೇಳಿದರೆ ಯಾವ ಐಬೂ ಗೊತ್ತಾಗುವುದಿಲ್ಲ; ಎರಡನ್ನೂ ಒಟ್ಟಿಗೆ ಹಾಕಿ ನಟ್ಟನಡುವೆ ಕೂತವರಿಗಷ್ಟೇ ಅದು ತಿಳಿಯುವುದು. ಇಸ್ತ್ರಿ ಮೇಜಿನ ಮೇಲೆ ಹಿಡಿಯುತ್ತಿದ್ದದ್ದು ಒಂದೇ ಪೆಟ್ಟಿಗೆ. ಅವನು ಒಂದೊಂದನ್ನೇ ಹೊಸದರ ಪಕ್ಕ ಇಟ್ಟು ನೂರು ಸಲ ಹೋಲಿಸಿದ, ಪ್ರತಿ ಸಲವೂ ತನ್ನ ಬೆನ್ನು ತಾನೇ ತಟ್ಟಿಕೊಂಡ.

ಪರೀಕ್ಷೆ ಒಂದು ಶನಿವಾರ ಮಧ್ಯಾಹ್ನ. ಅಮ್ಮನಿಗೆ ಕಾರಣ ಹೇಳಿರಲಿಲ್ಲ, ಆದರೂ ಡ್ಯೂಟಿಗೆ ಹೊರಟವಳ ಹಾಗೆ ಮುಖ ತೊಳೆದು, ಇಸ್ತ್ರಿ ಬಟ್ಟೆ ಉಟ್ಟು, ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ಬಂದಳು. ನಡುಮನೆಯ ಕುರ್ಚಿಯಲ್ಲಿ ಅವಳು. ಪಕ್ಕದ ಗೋಡೆಗೆ ಒರಗಿದ ಸೋಫಾದ ಮೇಲೆ ಹೆಂಡತಿ, ಇದಕ್ಕೆಂದೇ ಊರಿಂದ ಬಂದಿದ್ದ ಅಕ್ಕ. ಮೂಲೆಯಲ್ಲಿ ಸ್ವಿಚ್ಚಿನ ಬಳಿ ಅವನು. ಎರಡೂ ಸ್ಪೀಕರ್‌ಗಳ ಸರಿಮಧ್ಯಕ್ಕೆ ಕೂತವಳು ಅವಳೊಬ್ಬಳೇ ಎಂಬುದು ಯಾರಿಗೂ ಹೊಳೆಯಲಿಲ್ಲ.

ಮೊದಲು ಹೊಸ ಜೊತೆ. ಹೆಣ್ಣುದನಿಯ ಹಾಡು, ಹಿಂದೆ ಒಂದೇ ಒಂದು ತಂತಿವಾದ್ಯ. ಅಮ್ಮ ಕಣ್ಣು ಮುಚ್ಚಿದಳು.

"ಪರವಾಗಿಲ್ಲ. ಹುಡುಗಿ ನಡುವೆ ನಿಂತಿದಾಳೆ. ಪೌಡರ್ ಸ್ವಲ್ಪ ಜಾಸ್ತಿ ಬಳಿದುಕೊಂಡಿದಾಳೆ, ಅಷ್ಟೆ."

ಎಲ್ಲರೂ ನಕ್ಕರು. ಅವನು ಸ್ವಿಚ್ಚು ಒತ್ತಿದ. ಅದೇ ಹಾಡು, ಹಳೆಯ ಜೊತೆ. ಅಮ್ಮನ ಹುಬ್ಬು ಗಂಟಿಕ್ಕಿತು. ತಲೆಯನ್ನು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು.

"ಹುಡುಗಿ ಎಲ್ಲಿ?"

"ಹಾಡ್ತಾ ಇದಾಳಲ್ಲಮ್ಮ, ಕೇಳು."

"ಹಾಡ್ತಾ ಇದಾಳೆ, ಆದ್ರೆ ಅಲ್ಲಿಲ್ಲ. ಎಲ್ಲಾ ಕಡೆ ಇದಾಳೆ, ಎಲ್ಲೂ ಇಲ್ಲ. ಇವೆರಡೂ ಜಗಳ ಆಡ್ತಿವೆ ಕಣೋ."

ಅಕ್ಕ, ಹೆಂಡತಿ ಮುಖ ಮುಖ ನೋಡಿಕೊಂಡರು. "ಯಾವುದಮ್ಮ ನಿನ್ನದು?" ಎಂದು ಅವನು ಕೇಳಿದ.

"ಮೊದಲನೇದೇ ಇರಬೇಕು. ಇದಂತೂ ನಂದಲ್ಲ. ಇಂಥದ್ದನ್ನ ನಾನು ಯಾವತ್ತೂ ಪಾಸು ಮಾಡಿದವಳಲ್ಲ."

ಅವನು ಪರದೆ ಎಳೆದ. "ನೋಡು, ನಿನ್ನವೇ."

ಅಮ್ಮ ಕನ್ನಡಕ ಹಾಕಿಕೊಂಡು ನೋಡಿದಳು. ಪೆಟ್ಟಿಗೆ ಗುರುತು ಸಿಕ್ಕಿತು, ಆದರೆ ಮಾತು ಬದಲಿಸಲಿಲ್ಲ. "ಮರ ನಂದೇ. ಸದ್ದು ನಂದಲ್ಲ. ಎಲ್ಲೋ ಕೆಡಿಸಿದ್ದೀಯ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಅಕ್ಕ ಮೆಲ್ಲಗೆ ಗೊಣಗಿದಳು. ಗಾದೆ ಮಾಡಿದವರು ನೆಲವೇ ನಿಜಕ್ಕೂ ಡೊಂಕಾಗಿದ್ದರೆ ಏನು ಮಾಡಬೇಕೆಂದು ಹೇಳಿ ಹೋಗಿಲ್ಲ.

ಮಗನಿಗೆ ಪಿತ್ತ ನೆತ್ತಿಗೇರಿತು. ಮೂರು ತಿಂಗಳ ದುಡಿಮೆ ನೀರಿನಲ್ಲಿ ಹೋಮವಾಯಿತು ಎಂಬ ಸಂಕಟವೋ, ಅಮ್ಮನನ್ನು ಉಳಿಸಿಕೊಳ್ಳಲಾಗಲಿಲ್ಲ ಎಂಬ ಸಂಕಟವೋ, ಅವನಿಗೇ ಬಿಡಿಸಿ ಹೇಳಲಾಗದು. "ನಾನು ನೂರು ಸಲ ನೋಡಿದ್ದೀನಿ ಅಮ್ಮ! ಸ್ಪೀಕರ್ ಸರಿಯಾಗೇ ಇದೆ. ಕೆಟ್ಟಿರೋದು ನಿನ್ನ ತಲೆ!"

ಹಾಡು ಮಾತ್ರ ನಡೆದೇ ಇತ್ತು. ಅಮ್ಮ ಮಗನ ಮುಖವನ್ನು ತುಂಬ ಹೊತ್ತು ನೋಡಿದಳು.

"ಹೌದಾ?" ಎಂದಳು. "ನೀನು ಹೇಳ್ತೀಯ ಅಂದ್ಮೇಲೆ ಹಾಗೇ ಇರಬೇಕು."

ಸೋಮವಾರ ಅವನು ಸಹಿ ಹಾಕಿದ. ಗುರುವಾರ ಅವಳನ್ನು ಬಿಟ್ಟು ಬಂದರು.

ಐದು ವಾರ ಆ ಸ್ಪೀಕರ್‌ಗಳನ್ನು ಅವನು ಮುಟ್ಟಲಿಲ್ಲ. ಆರನೆಯ ಭಾನುವಾರ ಮಧ್ಯಾಹ್ನ, ಮಾಡಲು ಬೇರೆ ಕೆಲಸವಿಲ್ಲದೆ, ಅದೇ ಹಾಡು ಹಾಕಿ ಅಮ್ಮನ ಕುರ್ಚಿಯಲ್ಲಿ ಹೋಗಿ ಕೂತ. ಅವನು ಅಲ್ಲಿ ಕೂತು ಕೇಳಿದ್ದು ಅದೇ ಮೊದಲು. ಹುಡುಗಿ ಇರಲಿಲ್ಲ. ದನಿ ಗೋಡೆ ಗೋಡೆಗೆ ಬಡಿದುಕೊಳ್ಳುತ್ತಿತ್ತು, ನಡುವೆ ಬರೀ ಖಾಲಿ. ತಿರುಪು ಬದಲಿಸಿದ್ದು ನೆನಪಾಗಿ ಅವನು ಎದ್ದು ಬಲಗಡೆಯ ಪೆಟ್ಟಿಗೆಯ ಬೆನ್ನಿನ ಎರಡು ತಂತಿಗಳನ್ನು ಬಿಚ್ಚಿ, ಕೆಂಪಿನದ್ದು ಕಪ್ಪಿಗೆ, ಕಪ್ಪಿನದ್ದು ಕೆಂಪಿಗೆ ಸಿಕ್ಕಿಸಿದ. ಮತ್ತೆ ಬಂದು ಕೂತ. ಹುಡುಗಿ ಎರಡು ಪೆಟ್ಟಿಗೆಗಳ ನಟ್ಟನಡುವೆ ಬಂದು ನಿಂತು ಹಾಡಿದಳು, ಅವಳ ಉಸಿರೂ ಕೇಳುತ್ತಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದ. ಅವನು ನೆಲದ ಮೇಲೆ ಕೂತು ಗೊಳೋ ಎಂದು ಅತ್ತ.

ಹೆಂಡತಿ ಒಳಗಿನಿಂದ ಓಡಿ ಬಂದಳು. ವಿಷಯ ತಿಳಿದು ಅವಳ ಕಣ್ಣೂ ತುಂಬಿತು. ಆದರೆ ಅವಳು ಸುಳ್ಳು ಹೇಳುವ ಹೆಂಗಸಲ್ಲ. "ಸರಿ, ಅವತ್ತು ಅತ್ತೆ ಹೇಳಿದ್ದೇ ನಿಜ. ಆದ್ರೆ ನಲ್ಲಿ ತಿರುಗಿಸಿ ಮರೆತದ್ದೂ ವೈರೇನಾ? ಬೀದಿ ಮರೆತದ್ದೂ ವೈರೇನಾ?" ಅವನು ಕಣ್ಣೊರೆಸಿಕೊಂಡು ತಂತಿ ಸುತ್ತತೊಡಗಿದ. ಅವಳೇ ಹೇಳಿದಳು, "ಹೋಗಿ ಕೇಳಿಸಿ ಬನ್ನಿ. ಬರ್ತೀನಿ ಅಂದ್ರೆ ಕರ್ಕೊಂಡು ಬನ್ನಿ."

ಸ್ಪೀಕರ್‌ಗಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದ. ಆ ಜಾಗ ಚೊಕ್ಕಟವಾಗಿತ್ತು, ಫಿನಾಯಿಲ್ ವಾಸನೆ ಹೊಡೆಯುತ್ತಿತ್ತು. ಅಮ್ಮ ಬಡಕಲಾಗಿದ್ದಳು. ಆದರೆ ನೋಡಿದೊಡನೆ ಗುರುತು ಹಿಡಿದು, "ಊಟ ಆಯ್ತಾ?" ಎಂದಳು. ನರ್ಸಮ್ಮನನ್ನು ಕೇಳಿಕೊಂಡು ಅವನು ಹಜಾರದಲ್ಲಿ ಪೆಟ್ಟಿಗೆಗಳನ್ನಿಟ್ಟ. ದೂರ ಅಳೆದು ಕುರ್ಚಿ ಹಾಕಿದ, ಅಮ್ಮನನ್ನು ಕೂರಿಸಿದ, ಪಕ್ಕದಲ್ಲಿ ಮಂಡಿಯೂರಿದ.

"ಅಮ್ಮ, ಅವತ್ತು ನೀನು ಹೇಳಿದ್ದೇ ಸರಿ. ವೈರು ಉಲ್ಟಾ ಆಗಿತ್ತು. ಕೆಡಿಸಿದ್ದು ನಾನು. ನಿನ್ನ ತಲೆ ಸರಿಯಾಗೇ ಇತ್ತಮ್ಮ."

ಅಮ್ಮ ಅವನ ಕೆನ್ನೆ ಸವರಿದಳು. "ಇರಲಿ ಬಿಡು ಮಗಾ. ನನ್ನ ಸಮಾಧಾನಕ್ಕೆ ಅಂತ ಏನೇನೋ ಹೇಳಬೇಡ. ನನಗೆ ಗೊತ್ತಾಗಿದೆ."

"ಸಮಾಧಾನಕ್ಕಲ್ಲಮ್ಮ. ಕೇಳು, ನೀನೇ ಕೇಳು."

ಹಾಡು ಹಾಕಿದ. ಹುಡುಗಿ ಹಜಾರದ ನಟ್ಟನಡುವೆ ಬಂದು ನಿಂತಳು. ಗೋಡೆಗೊರಗಿ ತೂಕಡಿಸುತ್ತಿದ್ದ ಮುದುಕನೊಬ್ಬ ತಲೆಯೆತ್ತಿ ನೋಡಿದ. ಅಮ್ಮ ಕಣ್ಣು ಮುಚ್ಚಲಿಲ್ಲ. ಸ್ಪೀಕರ್‌ಗಳ ಕಡೆಗೂ ನೋಡಲಿಲ್ಲ. ಅವಳು ನೋಡುತ್ತಿದ್ದದ್ದು ಅವನ ಮುಖವನ್ನು, ಪಾಠ ಬಾರದ ಮಗು ಮೇಷ್ಟರ ಮುಖ ನೋಡುವ ಹಾಗೆ.

"ಹುಡುಗಿ ಎಲ್ಲಿದಾಳೆ ಹೇಳಮ್ಮ?"

ಅಮ್ಮ ಎಡಕ್ಕೆ ಕೈ ತೋರಿಸಿದಳು. ಅವನ ಮುಖ ನೋಡಿ ಗಾಬರಿಯಾಗಿ ಬಲಕ್ಕೆ ತೋರಿಸಿದಳು. ಆಮೇಲೆ ಕೈಯನ್ನು ಮಡಿಲಿಗೆ ಎಳೆದುಕೊಂಡು, ಬೇರೆ ಯಾರಿಗೂ ಕೇಳದಂತೆ ದನಿ ತಗ್ಗಿಸಿದಳು.

"ಎಲ್ಲಿ ಅಂತ ಹೇಳಬೇಕು ಅನ್ನೋದನ್ನ ನೀನೇ ಹೇಳಿಕೊಡು ಮಗಾ. ಹಾಗೇ ಹೇಳ್ತೀನಿ."