ಸೊನ್ನೆ ಪಾಯಿಂಟಿನ ನಜಮುನ್ನಿಸಾ

ಗುರುಬಾಯಿ ಟೀಚರಿಗೆ ಬಾಸ್ಕೆಟ್‌ಬಾಲಿನ ಗಂಧಗಾಳಿಯೂ ಇರಲಿಲ್ಲ. ಆಳಂದದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಗಣಿತ ಹೇಳಿಕೊಂಡು ತಣ್ಣಗಿದ್ದವರನ್ನು, ಎಂಬತ್ತಮೂರನೇ ಇಸವಿಯಲ್ಲಿ, ಸ್ಕೋರ್ ಬರೆಯಲು ಎಳೆದು ತಂದವನು ಪಿ.ಟಿ. ಮಾಸ್ತರ ಜಗದೇವಪ್ಪ. ‘ಕೂಡೋದು ಕಳಿಯೋದು ನಿಮ್ಮನ್ನ ಬಿಟ್ರ ಯಾರಿಗೆ ಬರ್ತದ್ರಿ ಟೀಚರ್’ ಎಂದು ಬೆಣ್ಣೆ ಹಚ್ಚಿದ್ದ. ಹೊಗಳಿದರೆ ಉಬ್ಬದವರು ಯಾರಿದ್ದಾರೆ? ಟೀಚರ್ ಮೈದಾನದ ಪಕ್ಕ ಮೇಜು ಹಾಕಿಸಿಕೊಂಡು ಕೂತೇಬಿಟ್ಟರು.

ದಗಾ ಕೊಟ್ಟದ್ದು ಕಣ್ಣು. ಆಚೆ ತುದಿಯ ರಿಂಗಿನಲ್ಲಿ ಚೆಂಡು ಬಿದ್ದದ್ದು ಹುಡುಗಿಯರ ಕೇಕೆಯಿಂದ ತಿಳಿಯುತ್ತಿತ್ತೇ ಹೊರತು, ಹಾಕಿದವಳು ಯಾರೆಂದು ಅವರ ದಪ್ಪ ಕನ್ನಡಕಕ್ಕೂ ಕಾಣುತ್ತಿರಲಿಲ್ಲ. ಎಲ್ಲರದೂ ಒಂದೇ ನೀಲಿ ಅಂಗಿ. ಕೇಳೋಣವೆಂದರೆ ನಾಚಿಕೆ. ಆದರೆ ಬದಲಿಯಾಗಿ ಇಳಿಯುವ ಹುಡುಗಿ ಮೊದಲು ಸ್ಕೋರಿನ ಮೇಜಿಗೆ ಬಂದು ಹೆಸರು ಹೇಳಬೇಕು, ಅದು ಆಟದ ನಿಯಮ. ಅಷ್ಟು ಮಾತ್ರ ಟೀಚರ ಮೂಗಿನ ಮುಂದೆಯೇ ನಡೆಯುತ್ತಿತ್ತು. ಸರಿ, ಕಂಡಷ್ಟನ್ನೇ ನಿಷ್ಠೆಯಿಂದ ಬರೆದರು. ಯಾರು ಒಳಗೆ ಹೋದಳು, ಯಾರು ಹೊರಗೆ ಬಂದಳು, ಆಗ ನಮ್ಮದೆಷ್ಟು, ಎದುರಿನವರದೆಷ್ಟು. ಜ್ವರ ಬಂದು ತಪ್ಪಿದ ಎರಡನ್ನು ಬಿಟ್ಟರೆ, ಟೀಚರ್ ಕೂತ ಒಂಬತ್ತು ಮ್ಯಾಚೂ ಹೀಗೆಯೇ ಸಾಗಿದವು.

ಕಲಬುರ್ಗಿಯ ವಿಭಾಗ ಮಟ್ಟದ ಪಂದ್ಯಕ್ಕೆ ಹತ್ತು ಮಂದಿಯ ತಂಡ ಆರಿಸಲು ಪುಸ್ತಕ ತೆರೆದ ಜಗದೇವಪ್ಪ ತಲೆ ಹಿಡಿದುಕೊಂಡ.

‘ಇದೇನ್ ಬರದೀರಿ ಟೀಚರ್, ಬಸ್ ಸ್ಟ್ಯಾಂಡ್ ಕಂಟ್ರೋಲರ್ ಬರದಂಗ? ಬಂದಾಕಿ, ಹೋದಾಕಿ, ಇಷ್ಟೇ ಅದ. ಪಾಯಿಂಟ್ ಹೊಡದಾಕಿ ಹೆಸರೆಲ್ಲಿ?’

ಟೀಚರ್ ಸೆರಗು ಸರಿಪಡಿಸಿಕೊಂಡರು. ಮಾಸ್ತರ ನೆನಪಿನ ಮೇಲೆಯೇ ಹತ್ತು ಹೆಸರಿನ ಪಟ್ಟಿ ಗೀಚಿ ಗೋಡೆಗೆ ಅಂಟಿಸಿದ. ಆಡುತ್ತಿದ್ದವರು ಹನ್ನೊಂದು ಮಂದಿ. ಬಿಟ್ಟುಹೋದವಳು ನಜಮುನ್ನಿಸಾ.

ಹತ್ತನೇ ತರಗತಿಯ ಈ ನಜಮುನ್ನಿಸಾ ತಂಡದಲ್ಲೆಲ್ಲ ಗಿಡ್ಡಿ. ವರ್ಷವಿಡೀ ಅವಳು ಒಂದು ಪಾಯಿಂಟನ್ನಾದರೂ ಹೊಡೆದದ್ದು ಯಾರಿಗೂ ನೆನಪಿರಲಿಲ್ಲ. ಮರುದಿನ ನೀಲಿ ಅಂಗಿಯನ್ನು ಇಸ್ತ್ರಿ ಮಾಡಿ ಮಡಚಿಕೊಂಡು ಟೀಚರ ಮುಂದೆ ನಿಂತಳು.

‘ಅಂಗಿ ವಾಪಸ್ ಕೊಡ್ಬೇಕಂತ್ರಿ ಟೀಚರ್. ಹನ್ನೊಂದೂ ಅಂಗಿ ನಮ್ಮ ಅಮ್ಮೀನೇ ಹೊಲದಾಳ. ಒಮ್ಮೆ ಕಲಬುರ್ಗಿ ಮೈದಾನದಾಗ ಹಾಕ್ಕೊಂಡು ಆಡ್ಬೇಕಂತಿತ್ತು. ಇರ್ಲಿ ಬಿಡ್ರಿ, ಇದೇ ಕಡೀ ವರ್ಷ ನಂದು.’

ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಅಳಲಿಲ್ಲ ಆ ಹುಡುಗಿ. ತಾನು ನೆಟ್ಟಗೆ ಬರೆದಿದ್ದರೆ ಈಕೆಯ ಹೆಸರಿಗೆ ಎರಡಾದರೂ ಪಾಯಿಂಟು ಸಿಗುತ್ತಿತ್ತೋ ಏನೋ ಎಂಬ ಹುಳ ಟೀಚರ ತಲೆ ಕೊರೆಯತೊಡಗಿತು. ಅಂಗಿ ಇಸಿದುಕೊಳ್ಳದೆ ಅವಳನ್ನು ಕಳಿಸಿ, ಊಟದ ಬುತ್ತಿ ಬಿಚ್ಚುವುದನ್ನೂ ಮರೆತು, ಬರೆದದ್ದನ್ನೆಲ್ಲ ಕೂಡಿ ಕಳೆಯಲು ಕೂತರು.

ನಜಮುನ್ನಿಸಾ ಒಳಗಿದ್ದಾಗ ಒಂಬತ್ತು ಮ್ಯಾಚಿನಲ್ಲಿ ನಮ್ಮದು ನೂರಾ ನಲವತ್ತೆಂಟು, ಎದುರಿನವರದು ಎಂಬತ್ತೈದು. ಅವಳು ಹೊರಗಿದ್ದಾಗ ನಮ್ಮದು ಎಪ್ಪತ್ತೊಂದು, ಅವರದು ನೂರಾ ಎರಡು. ಟೀಚರ್ ಮೂರು ಸಲ ಕೂಡಿದರು. ಮೂರು ಸಲವೂ ಅದೇ ಬಂತು.

‘ನೋಡ್ರಿ ಮಾಸ್ತರ, ಈಕಿ ಇದ್ರ ಅರವತ್ಮೂರು ಮುಂದ. ಈಕಿ ಇಲ್ಲಂದ್ರ ಮೂವತ್ತೊಂದು ಹಿಂದ.’

ಜಗದೇವಪ್ಪ ನಕ್ಕ. ‘ಟೀಚರ್, ಅರ್ಧಕ್ಕರ್ಧ ಪಾಯಿಂಟ್ ಹೊಡಿಯಾಕಿ ಕಸ್ತೂರಿಬಾಯಿ. ಆಕಿ ಜೋಡಿ ಇದ್ದದ್ದಕ್ಕ ಹೂವಿನ ಜೋಡಿ ನಾರೂ ಸ್ವರ್ಗ ಸೇರಿದಂಗ ಆಗ್ಯದ, ಅಷ್ಟೇ.’

‘ಅದೇ ಕಸ್ತೂರಿ, ಅದೇ ಉಳದ ಮೂವರು. ಈಕಿನ್ನ ತೆಗದು ಇನ್ನೊಬ್ಬಾಕಿನ್ನ ಹಾಕಿದಾಗೆಲ್ಲ ಹಿಂದ ಬಿದ್ದೀವಿ. ನಾರು ತೆಗದ್ ನೋಡ್ರಿ, ಮಾಲಿ ಉಳೀತದೇನು?’

‘ಈಕಿ ಮಾಡೋದಾದ್ರೂ ಏನು?’

‘ಅದು ನನಗ ಗೊತ್ತಿಲ್ರಿ. ನನಗ ಕಾಣಂಗಿಲ್ಲ. ಲೆಕ್ಕ ಮಾತ್ರ ಹಿಂಗದ.’ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕಣ್ಣಿನ ಗುಟ್ಟು ಬಾಯಿಬಿಟ್ಟಿದ್ದರು.

ಮಾಸ್ತರ ಮೆತ್ತಗಾದ, ಆದರೆ ಹಟ ಬಿಡಲಿಲ್ಲ. ‘ಶನಿವಾರ ಅಫಜಲಪುರದವ್ರು ದೋಸ್ತಿ ಮ್ಯಾಚಿಗೆ ಬರಾಕತ್ತಾರ. ಮೊದಲ ಅರ್ಧ ಈಕಿನ್ನ ಕುಂದರಸ್ತೀನಿ, ಎರಡನೇ ಅರ್ಧ ಆಡಸ್ತೀನಿ. ನಿಮ್ಮ ಲೆಕ್ಕ ಖರೇ ಆದ್ರ ಪಟ್ಟಿಯಾಗ ತಗೋತೀನಿ.’

‘ಒಂದೆರಡು ಮ್ಯಾಚಿಂದು ಲೆಕ್ಕ ಅಲ್ರಿ ಅದು, ಯೋಗಾಯೋಗ’ ಎಂದರು ಟೀಚರ್. ಮಾಸ್ತರ ಆಗಲೇ ಶಿಳ್ಳೆ ಊದುತ್ತ ಹೊರಟುಹೋಗಿದ್ದ.

ಶನಿವಾರ ಟೀಚರ್ ಹೆದರಿದ್ದೇ ಆಯಿತು. ನಜಮುನ್ನಿಸಾ ಬೆಂಚಿನ ಮೇಲಿದ್ದ ಮೊದಲ ಅರ್ಧದಲ್ಲಿ ಆಳಂದ ಹದಿನಾಲ್ಕು, ಅಫಜಲಪುರ ಹತ್ತು. ಅವಳು ಇಳಿದ ಎರಡನೇ ಅರ್ಧದಲ್ಲಿ ಇಬ್ಬರದೂ ಹತ್ತು ಹತ್ತು. ಅವಳಿಲ್ಲದೆ ನಾಲ್ಕು ಮುಂದೆ, ಅವಳಿದ್ದೂ ಸೊನ್ನೆ. ಟೀಚರ್ ಪೆನ್ನಿನ ಮುಚ್ಚಳ ಹಾಕಿದರು. ಗೆದ್ದ ಹುಡುಗಿಯರು ಕುಣಿಯುತ್ತಿದ್ದರು. ನಜಮುನ್ನಿಸಾ ಮಾತ್ರ ಮೇಜಿನ ಹತ್ತಿರ ಬಂದು ಅಂಗಿಯ ಅಂಚನ್ನು ತಿರುವುತ್ತ ನಿಂತಳು. ಅವಳ ಮುಖ ನೋಡಲು ಟೀಚರಿಗೆ ಧೈರ್ಯ ಸಾಲಲಿಲ್ಲ.

ಜಗದೇವಪ್ಪ ಬಂದ. ಪುಸ್ತಕ ನೋಡಿದ.

‘ನಾ ಸೋತೆ, ಮಾಸ್ತರ’ ಎಂದರು ಟೀಚರ್.

‘ತಡೀರಿ. ಅಫಜಲಪುರದವ್ರ ಉದ್ದನೆ ಹುಡುಗಿ ಮೊದಲ ಅರ್ಧ ಎಲ್ಲಿದ್ಳು? ಕಾಲ ಮ್ಯಾಲ ಕಾಲ ಹಾಕ್ಕೊಂಡು ಬೆಂಚಿನ್ಯಾಗ ಕುಂತಿದ್ಳು. ಆಕಿ, ಆಕಿ ಜೋಡಿ ಇನ್ನಿಬ್ರು ಜಬರದಸ್ತ್ ಹುಡುಗ್ಯಾರು ಇಳದದ್ದೇ ಎರಡನೇ ಅರ್ಧಕ್ಕ. ನಿಮ್ಮ ಪುಸ್ತಕದಾಗ ಅವರ ಮಂದಿ ಹೆಸರೇ ಇಲ್ಲ.’

ಹೌದಲ್ಲ! ಎದುರಿನವರ ಹೆಸರು ಬರೆಯುವ ಗೊಡವೆಗೆ ಟೀಚರ್ ಹೋದವರೇ ಅಲ್ಲ.

‘ಅವರೆಲ್ಲ ಇದ್ದೂ ಬರೋಬ್ಬರಿ ಆಡೀವಿ’ ಎಂದ ಜಗದೇವಪ್ಪ. ದನಿ ಇಳಿದಿತ್ತು. ‘ಇಷ್ಟು ದಿನ ನಾ ಚೆಂಡ್ ನೋಡಿದೆ. ಇವತ್ತು ಬರೇ ಈಕಿನ್ನ ನೋಡಿದೆ. ಆ ಉದ್ದನೆ ಹುಡುಗಿ ಹೋಗೋ ಜಾಗಕ್ಕ ಈಕಿ ಮೊದ್ಲೇ ಹೋಗಿ ಗೂಟದಂಗ ನಿಂತಿರ್ತಾಳ. ಕಸ್ತೂರಿ ಎಡಗೈ ಹುಡುಗಿ. ಆಕಿ ಎಡಗೈಗೇ ಚೆಂಡ್ ಕೊಡಾಕಿ ಈಕಿ ಒಬ್ಬಾಕೀನೇ. ನನ್ನ ಕಣ್ಣಿಗೆ ಏನ್ ಬಡದಿತ್ತೋ ಏನೋ. ನಜ್ಮಾ, ಅಂಗಿ ಕೊಳಿ ಮಾಡಬ್ಯಾಡ, ಅದು ಕಲಬುರ್ಗಿಗೆ ಹೋಗ್ಬೇಕು.’

ನಜಮುನ್ನಿಸಾ ಆಗ ಅತ್ತಳು. ಅತ್ತವಳು ಅಂಗಿಯ ತೋಳಿಗೇ ಮೂಗು ಒರೆಸಿ, ಕೊಳೆ ಮಾಡಿಯೇಬಿಟ್ಟಳು.

ಪಟ್ಟಿಯಲ್ಲಿ ಒಂದು ಹೆಸರು ಹೊಡೆದುಹಾಕಿ ಇನ್ನೊಂದು ಬರೆದ ಮೇಲೆ ಮಾಸ್ತರ ಕೆಮ್ಮಿದ. ‘ಟೀಚರ್, ಹುಡುಗ್ಯಾರ ಜೋಡಿ ಒಬ್ಬರು ಹೆಣ್ಣು ಟೀಚರ್ ಬರ್ಬೇಕು. ನೀವೇ ಬರ್ರಿ.’

‘ನಾ ಯಾಕ್ರಿ? ಕಣ್ಣ್ ಕಾಣದಾಕಿ.’

‘ನಾನೂ ಲೆಕ್ಕ ಮಾಡೀನಿ. ನೀವು ಮೇಜಿಗೆ ಕುಂತ ಒಂಬತ್ತರಾಗ ಏಳು ಗೆದ್ದೀವಿ. ನಿಮಗ ಜ್ವರ ಬಂದು ಮನ್ಯಾಗ ಉಳದ್ರಿ ನೋಡ್ರಿ, ಆ ಎರಡೂ ಸೋತೀವಿ. ನೀವಿಲ್ದ ನಡೆಯಂಗಿಲ್ಲ.’

ಬರೀ ಎರಡು ಮ್ಯಾಚು ಹಿಡಿದು ಮಾಡಿದ ಲೆಕ್ಕ. ಇಂಥದ್ದನ್ನು ಎಂಟನೇ ತರಗತಿಯ ಹುಡುಗಿ ಬರೆದಿದ್ದರೂ ಗುರುಬಾಯಿ ಟೀಚರ್ ಕೆಂಪು ಶಾಯಿಯಲ್ಲಿ ಉದ್ದಕ್ಕೆ ಗೀಟು ಎಳೆಯುತ್ತಿದ್ದರು. ಈ ಲೆಕ್ಕವನ್ನು ಮಾತ್ರ ತಿದ್ದಲಿಲ್ಲ. ‘ಬಸ್ ಎಷ್ಟ್ ಗಂಟೆಗೆ ಅದ್ರಿ?’ ಎಂದು ಕೇಳಿದರು.