ಕ್ರಿಯಾಪದ ಬರುವವರೆಗೆ

ಟೀಚರಮ್ಮನಿಗೆ ಮೊದಲು ಕೊಟ್ಟಿದ್ದು ಇಪ್ಪತ್ತು ನಿಮಿಷ. ಊರಿನ ಕ್ರೈಸ್ತ ಸಭೆಗೆ ನೂರು ವರ್ಷ ತುಂಬಿದ ಭಾನುವಾರದ ಆರಾಧನೆಯಲ್ಲಿ ಸಭೆಯ ಚರಿತ್ರೆಯನ್ನು ಅವರೇ ಬರೆದು ಅವರೇ ಓದಬೇಕೆಂದು ಸಮಿತಿ ಠರಾವು ಮಾಡಿತ್ತು. ಮೂವತ್ತಾರು ವರ್ಷ ಮಕ್ಕಳ ವ್ಯಾಕರಣ ತಿದ್ದಿ ನಿವೃತ್ತರಾದ ಹೆಂಗಸು, ಸುಮ್ಮನೆ ಬಿಡುತ್ತಾರೆಯೇ? ನಾಲ್ಕು ತಿಂಗಳು ಮನೆಮನೆ ಅಲೆದು ಹತ್ತೊಂಬತ್ತು ಹಾಳೆ ಬರೆದರು.

ಆಮೇಲೆ ಶುರುವಾಯಿತು ಕತ್ತರಿ. ಪಟ್ಟಣದಿಂದ ದೊಡ್ಡ ಗುರುಗಳು ಬರುತ್ತಾರೆಂದು ಗೊತ್ತಾದಾಗ ಇಪ್ಪತ್ತು ಹತ್ತಾಯಿತು. ಹಾಡುವವರ ಗುಂಪಿನ ಯಜಮಾನಿ ಎರಡು ಹಾಡು ಹೆಚ್ಚಿಗೆ ಸೇರಿಸಿದಾಗ ಹತ್ತು ಐದಾಯಿತು. ಆ ಯಜಮಾನಿ ಬೇರೆ ಯಾರೋ ಅಲ್ಲ, ಟೀಚರಮ್ಮನ ಸ್ವಂತ ನಾದಿನಿ. ಮನೆಯವರೇ ಹೀಗಾದರೆ ಊರವರನ್ನು ಅಂದು ಏನು ಪ್ರಯೋಜನ! ಟೀಚರಮ್ಮ ಹಲ್ಲು ಕಚ್ಚಿಕೊಂಡು ಗಂಟೆ ತಂದ ಕಥೆ ತೆಗೆದರು, ನೆರೆ ಬಂದ ಕಥೆ ತೆಗೆದರು, ಶಾಲೆ ಕಟ್ಟಿದ ಕಥೆಯನ್ನೂ ತೆಗೆದರು. ಏಳನೇ ಹಾಳೆಯನ್ನು ಮಾತ್ರ ಮುಟ್ಟಲಿಲ್ಲ.

ಏಳನೇ ಹಾಳೆಯಲ್ಲಿದ್ದವಳು ಸಭೆಯ ಅತಿ ಹಿರಿಯಳಾದ ಸುಣ್ಣದಜ್ಜಿಯ ತಾಯಿ. ಚರ್ಚಿನ ಗೋಡೆ ಎದ್ದಾಗ ಅದಕ್ಕೆ ಸುಣ್ಣ ಸುಟ್ಟವಳು ಅವಳು. ಆ ಕೆಲಸದಲ್ಲೇ ಕಣ್ಣು ಕಳೆದುಕೊಂಡಳು. ಬಾಗಿಲ ಪಕ್ಕದ ಕಲ್ಲಿನಲ್ಲಿ ಮರ ಕೊಟ್ಟವರ ಹೆಸರಿದೆ, ಕಿಟಕಿ ಕೊಟ್ಟವರ ಹೆಸರಿದೆ, ಕೆಲಸದವರ ಊಟಕ್ಕೆಂದು ಎರಡು ಮೂಟೆ ಹಿಟ್ಟು ಕೊಟ್ಟವರ ಹೆಸರು ಎಲ್ಲಕ್ಕಿಂತ ಮೇಲಿದೆ. ಅವಳದ್ದಿಲ್ಲ.

ಆ ಹಿಟ್ಟಿನ ಮೂಟೆಯವರ ಮೊಮ್ಮಗನೇ ಈಗ ಹಿಟ್ಟಿನ ಗಿರಣಿಯ ಮಾಲೀಕ, ಸಮಿತಿಯ ಅಧ್ಯಕ್ಷ, ಟೀಚರಮ್ಮನ ಹಳೇ ವಿದ್ಯಾರ್ಥಿ.

"ಸಂತೋಷದ ದಿನ ಟೀಚರ್. ಕಣ್ಣು ಹೋದ ಕಥೆ ಯಾಕೆ? ಅದೊಂದು ಬಿಟ್ಬಿಡಿ," ಎಂದಿದ್ದ ಅವನು, ಹಿಂದಿನ ವಾರ.

"ನಿಮ್ಮ ತಾತನ ಹಿಟ್ಟು ತಿಂದವರು ಅವತ್ತೇ ಜೀರ್ಣ ಮಾಡ್ಕೊಂಡ್ರು ಕಣಪ್ಪ. ಗೋಡೆ ಇನ್ನೂ ನಿಂತಿದೆ! ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತಾರೆ. ಆಕೆಗೆ ಎರಡು ಕಣ್ಣಿಗೂ ಸುಣ್ಣಾನೇ."

"ನೋಡೋಣ ಟೀಚರ್."

'ನೋಡೋಣ' ಎಂದರೆ ಏನರ್ಥವೆಂದು ಟೀಚರಮ್ಮನಿಗೆ ಗೊತ್ತಿಲ್ಲದ್ದಲ್ಲ. ಆ ಗೋಡೆಗೂ ಅವನು ನೂರು ವರ್ಷದ ಸಂಭ್ರಮಕ್ಕೆಂದು ಗಿಳಿಹಸಿರು ಬಣ್ಣ ಬಳಿಸಿದ್ದ. "ಎಣ್ಣೆ ಬಣ್ಣ ಟೀಚರ್, ಉಜ್ಜಿದರೂ ಹೋಗಲ್ಲ. ಹತ್ತು ವರ್ಷ ಗ್ಯಾರಂಟಿ!" ಎಂದು ಹಿಗ್ಗಿದ್ದ. "ನನ್ನ ಸಂಕಟಾನೂ ಅದೇ," ಎಂದಿದ್ದರು ಟೀಚರಮ್ಮ.

ಟೀಚರಮ್ಮನ ಹಟಕ್ಕೆ ಬೇರೆ ಕಾರಣವೂ ಇತ್ತು. ಸುಣ್ಣದಜ್ಜಿಗೆ ತೊಂಬತ್ತೊಂದು. ಕಣ್ಣಿಗೆ ಪೊರೆ, ಮಂಡಿ ಮಡಚುವುದಿಲ್ಲ, ಚರ್ಚಿಗೆ ಬಂದು ಎರಡು ವರ್ಷವಾಗಿತ್ತು. "ನಿಮ್ಮವ್ವನ ವಿಷ್ಯ ಪೀಠದಿಂದಲೇ ಓದ್ತೀನಿ, ಬನ್ನಿ," ಎಂದು ಟೀಚರಮ್ಮ ಬಾಯಿಬಿಟ್ಟು ಹೇಳಿಬಿಟ್ಟಿದ್ದರು. ಆ ಒಂದು ಮಾತಿಗೆ ಅಜ್ಜಿ ಇವತ್ತು ಪಕ್ಕದ ಮನೆಯ ಸೊಸೆಯ ತೋಳು ಹಿಡಿದು ಬಂದು ಎರಡನೇ ಬೆಂಚಿನ ತುದಿಯಲ್ಲಿ ಕೂತಿದ್ದಳು.

ದೊಡ್ಡ ಗುರುಗಳು ಐವತ್ತು ನಿಮಿಷ ಬೋಧಿಸಿದರು. ಅದರಲ್ಲಿ ಎಂಟು ನಿಮಿಷ ಗೋಡೆಯ ಹಸಿರಿಗೇ ಹೋಯಿತು. ಹಸಿರು ನಿರೀಕ್ಷೆಯ ಬಣ್ಣವಂತೆ. ಗಿರಣಿಯವನು ಬೀಗಿದ. ನಾದಿನಿಯ ಗುಂಪು ಏಳು ಚರಣದ ಹಾಡು ಹಾಡಿ, ಯಾರೂ ಕೇಳದಿದ್ದರೂ ಮೊದಲ ಚರಣವನ್ನು ಮತ್ತೊಮ್ಮೆ ಹಾಡಿತು. ಪ್ರತಿ ಹಾಡು ಮುಗಿದಾಗಲೂ ಅಜ್ಜಿ ಗಟ್ಟಿಯಾಗಿ ಕೇಳುತ್ತಿದ್ದಳು, "ಅವ್ವಂದು ಈಗ್ಲಾ?" ಕಿವಿ ಮಂದ, ದನಿ ಮಾತ್ರ ಕಂಚು.

"ಈಗ ಬರುತ್ತೆ ಅಜ್ಜಿ," ಎಂದು ಹೇಳಿ ಹೇಳಿ ಟೀಚರಮ್ಮನ ಬಾಯಿ ಒಣಗಿತು.

ಕೊನೆಗೆ ಗಿರಣಿಯವನು ಬೆಕ್ಕಿನ ಹೆಜ್ಜೆಯಲ್ಲಿ ಬೆಂಚಿನ ಹತ್ತಿರ ಬಂದು ಬಗ್ಗಿದ. "ಬೇಜಾರು ಮಾಡ್ಕೋಬೇಡಿ ಟೀಚರ್. ದೊಡ್ಡ ಗುರುಗಳಿಗೆ ಇನ್ನೊಂದು ಊರಿಗೆ ಹೋಗ್ಬೇಕಂತೆ. ಒಂದು ವಾಕ್ಯ ಹೇಳಿ ಮುಗಿಸ್ಬಿಡಿ."

"ಒಂದು ವಾಕ್ಯ?"

"ಒಂದೇ ಒಂದು."

ಟೀಚರಮ್ಮನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಹಾಳೆಗಳನ್ನು ಅವನ ಮುಖಕ್ಕೆ ಎಸೆದು ಮನೆಗೆ ನಡೆಯೋಣ ಎಂದು ಎದ್ದೇಬಿಟ್ಟರು. ಎದ್ದವರು ತಟಕ್ಕನೆ ನಿಂತರು.

"ಒಂದು ವಾಕ್ಯ ತಾನೇ? ಮಧ್ಯದಲ್ಲಿ ನಿಲ್ಸಲ್ವಲ್ಲ?"

"ಛೇ ಛೇ, ಎಲ್ಲಾದ್ರೂ ಉಂಟಾ ಟೀಚರ್!"

ಪಾಪ, ಏಳನೇ ಕ್ಲಾಸಿನಲ್ಲಿ ವ್ಯಾಕರಣದ ಪಾಠಕ್ಕೆ ಸರಿಯಾಗಿ ಅವನಿಗೆ ನಿದ್ದೆ ಬರುತ್ತಿತ್ತು.

ಟೀಚರಮ್ಮ ಪೀಠ ಹತ್ತಿ ಕನ್ನಡಕ ಸರಿಮಾಡಿಕೊಂಡರು. "ನೂರು ವರ್ಷದ ಹಿಂದೆ ಹನ್ನೊಂದು ಮನೆಯವರು ಈ ದಿಬ್ಬಕ್ಕೆ ಬಂದು, ಮರದಡಿ ಕೂತು ಪ್ರಾರ್ಥನೆ ಮಾಡಿ, ಹದಿನೈದು ಮಳೆಗಾಲ ನೆನೆದು, ನೆನೆದ ಮೇಲೆ ಬುದ್ಧಿ ಬಂದು ಗೋಡೆ ಎಬ್ಬಿಸಲು ಹೊರಟು, ಕಲ್ಲು ಸಾಲದೆ ಹಳ್ಳದಿಂದ ಹೊತ್ತು, ಮರ ಸಾಲದೆ ತಮ್ಮ ತಮ್ಮ ಮನೆಯ ಬಾಗಿಲನ್ನೇ ಕಿತ್ತು ತಂದು, ಬಾಗಿಲಿಲ್ಲದ ಮನೆಗಳಲ್ಲಿ ಒಂದು ಚಳಿಗಾಲ ಕಳೆದು..."

ವಂದನೆ ಹೇಳಲು ಗಿರಣಿಯವನು ಅರ್ಧ ಎದ್ದ. ಕೂತ. ಮತ್ತೆ ಎದ್ದ. ದೊಡ್ಡ ಗುರುಗಳು ಗಡಿಯಾರ ನೋಡಿಕೊಂಡರು. "ಮುಗೀತಾ ಟೀಚರ್?" ಎಂದು ಅವನು ಪಿಸುಗುಟ್ಟಿದ.

"ಕ್ರಿಯಾಪದ ಬಂದಿಲ್ಲ, ಕೂತ್ಕೊಳ್ಳಯ್ಯ!" ಎಂದಿತು ಹಿಂದಿನ ಬೆಂಚಿನ ಒಂದು ದನಿ. ಚರ್ಚಿನಲ್ಲಿದ್ದ ಅರ್ಧ ಜನ ಟೀಚರಮ್ಮನ ವಿದ್ಯಾರ್ಥಿಗಳೇ. ನಗು ಗೋಡೆಯಿಂದ ಗೋಡೆಗೆ ಓಡಿತು.

"...ಗೋಡೆಗೆ ಸುಣ್ಣ ಬೇಕಾದಾಗ, ಕಲ್ಲಿನಲ್ಲಿ ಹೆಸರಿಲ್ಲದ ಒಬ್ಬ ಹೆಂಗಸು, ನಮ್ಮ ಸುಣ್ಣದಜ್ಜಿಯ ತಾಯಿ, ಹಳ್ಳದ ದಡದಲ್ಲಿ ಭಟ್ಟಿ ಹೂಡಿ, ಸುಟ್ಟ ಸುಣ್ಣಕ್ಕೆ ನೀರು ಹೊಯ್ಯುವಾಗ ಅದು ಸಿಡಿದು ಎರಡೂ ಕಣ್ಣು ಕಳೆದುಕೊಂಡು, ತಾನು ಬಿಳಿ ಮಾಡಿದ ಗೋಡೆಯನ್ನು ಒಂದು ದಿನವೂ ನೋಡದೆ, ಆಮೇಲೂ ನಲವತ್ತು ವರ್ಷ ಪ್ರತಿ ಭಾನುವಾರ ಮಗಳ ಕೈ ಹಿಡಿದು ಇದೇ ಬಾಗಿಲಿಂದ ಒಳಗೆ ಬಂದು, ಗೋಡೆ ಸವರಿ..."

ಹಾಳೆಯಲ್ಲಿ ಮುಂದಿದ್ದದ್ದು 'ಪ್ರಾರ್ಥಿಸಿದಳು' ಎಂಬ ಪದ. ಅದು ಟೀಚರಮ್ಮನ ಬಾಯಿಗೆ ಬರಲಿಲ್ಲ. ಈಗ ಯಾರೂ ನಗುತ್ತಿರಲಿಲ್ಲ.

"ಬೆಳ್ಳಗಿದೆಯೇನೇ ಅಂತ ಕೇಳ್ತಿದ್ಲು," ಎಂದಳು ಅಜ್ಜಿ, ಎರಡನೇ ಬೆಂಚಿನಿಂದ. "ಪ್ರತಿ ವಾರ ಕೇಳ್ತಿದ್ಲು. ಬೆಳ್ಳಗಿದೆ ಕಣವ್ವ ಅಂತಿದ್ದೆ."

ಟೀಚರಮ್ಮ ನಾಲ್ಕು ತಿಂಗಳು ಅಲೆದರೂ ಇದು ಅವರಿಗೆ ಸಿಕ್ಕಿರಲಿಲ್ಲ. ಹಾಳೆ ಮಡಚಿದರು.

ಅಜ್ಜಿ ಪೊರೆ ಮುಚ್ಚಿದ ಕಣ್ಣೆತ್ತಿ ಸುತ್ತ ನೋಡಿದಳು. "ಈಗ್ಲೂ ಬೆಳ್ಳಗೇ ಇದೆ ತಾನೇ, ಟೀಚರಮ್ಮ?"

ಇಡೀ ಚರ್ಚು ಗಿಳಿಹಸಿರು ಗೋಡೆಯನ್ನು ನೋಡಿತು. ದೊಡ್ಡ ಗುರುಗಳೂ ನೋಡಿದರು. ಟೀಚರಮ್ಮ ಮಾತ್ರ ಗಿರಣಿಯವನನ್ನು ನೋಡಿದರು, ಬೋರ್ಡಿನ ಹತ್ತಿರ ಕರೆದು ನಿಲ್ಲಿಸಿದಾಗ ನೋಡುತ್ತಿದ್ದ ಹಾಗೆ.

"ಹೇಳಪ್ಪ. ಹತ್ತು ವರ್ಷ ಗ್ಯಾರಂಟಿ ಅಂದಿದ್ದೆ."

ಅವನ ಕಿವಿ ಕೆಂಪಾಯಿತು. ಗೋಡೆ ನೋಡಿದ, ಅಜ್ಜಿಯನ್ನು ನೋಡಿದ, ಕೊನೆಗೆ ನೆಲ ನೋಡಿದ.

"ಕೆರೆಸ್ತೀನಿ ಟೀಚರ್," ಎಂದ.

ಒಂದೇ ಕ್ರಿಯಾಪದ, ಪೂರ್ತಿ ವಾಕ್ಯ. ಟೀಚರಮ್ಮ ಪೀಠ ಇಳಿದು ಅಜ್ಜಿಯ ಪಕ್ಕ ಹೋಗಿ ಕೂತರು.