ಕರೆಂಟ್ ಹೋದರೂ ಪಾಸ್

ತೆಲುಗು ಸೀಮೆಯ ಗಾಜುವಾಕದ ಒಂದು ಪುಟ್ಟ ಲ್ಯಾಬಿನಲ್ಲಿ ಮೀನುಗಾರರ ದೋಣಿಗಳ ರೇಡಿಯೋ ಪರೀಕ್ಷಿಸುವುದು ಧಾರವಾಡದ ವಿಜಯಲಕ್ಷ್ಮಿಯ ಕೆಲಸ. ಅವಳ ಗಂಡ ನೌಕಾಪಡೆಯವನು. ಸಮುದ್ರಕ್ಕೆ ಹೋದವರ ದನಿ ಕೇಳದಿದ್ದರೆ ಮನೆಯವರಿಗೆ ತುತ್ತು ಗಂಟಲಲ್ಲಿ ಇಳಿಯದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ರೇಡಿಯೋ ಅಳೆಯುವ ಹಳೆಯ ಮೀಟರ್ ಕೆಟ್ಟಿತ್ತು. ಜೊತೆಗಾರ ಅಶ್ವತ್ಥ ಅದನ್ನು ರಿಪೇರಿಗೆ ವಿಜಯವಾಡಕ್ಕೆ ಹೊತ್ತೊಯ್ದಿದ್ದ. ಬದಲಿಗೆ ಬಂದದ್ದು ಬೇರೆ ಕಂಪನಿಯದು. ಹಿಂದೆಲ್ಲ ಮೀಟರ್ ಬದಲಾದರೆ ಕಂಪ್ಯೂಟರಿನಲ್ಲಿ ಪರೀಕ್ಷೆ ನಡೆಸುವ ಪ್ರೋಗ್ರಾಮನ್ನೇ ಹೊಸದಾಗಿ ಬರೆಯಬೇಕಿತ್ತು. ಈಗ ಮೀಟರಿಗೂ ಪ್ರೋಗ್ರಾಮಿಗೂ ನಡುವೆ ದುಭಾಷಿಯ ಕೆಲಸ ಮಾಡುವ ಡ್ರೈವರುಗಳಿಗೆಲ್ಲ ಒಂದೇ ಕಟ್ಟಳೆ: ಯಾವ ಕಂಪನಿಯ ಮೀಟರಿಟ್ಟರೂ ಅದೇ ಪ್ರೋಗ್ರಾಮು ಓಡಬೇಕು. ಓಡಿತು, ಮೊದಲ ಸಲಕ್ಕೇ! ವಿಜಯಲಕ್ಷ್ಮಿ ಎಲ್ಲರಿಗೂ ಪೇಡೆ ಹಂಚಿದಳು. ರೇಡಿಯೋಗಳು ಸಾಲಾಗಿ ಪಾಸಾಗಿ ಭೀಮುನಿಪಟ್ಟಣದ ಮೀನುಗಾರರಿಗೆ ಹೋದವು. ಒಂದೂ ಫೇಲಾಗಲಿಲ್ಲವಲ್ಲ ಎಂದು ಅನುಮಾನಪಡುವುದು ಬಿಟ್ಟು ಹಿಗ್ಗಿದಳು, ಪುಣ್ಯಾತ್ಗಿತ್ತಿ.

ಮಂಗಳವಾರ ಮಧ್ಯಾಹ್ನ ಕರೆಂಟ್ ಹೋಯಿತು. ಫ್ಯಾನ್ ನಿಂತಿತು, ಮೀಟರ್ ಆರಿತು. ಯುಪಿಎಸ್ ಇದ್ದದ್ದು ಕಂಪ್ಯೂಟರಿಗೆ ಮಾತ್ರ. ಅದರ ಪರದೆಯ ಮೇಲೆ ಹಸಿರು ಅಕ್ಷರ: ಪಾಸ್. ಅವಳು ರೇಡಿಯೋದ ಕೇಬಲ್ಲನ್ನೇ ಕಿತ್ತಳು. ಮತ್ತೆ ಪಾಸ್! ವಿಜಯವಾಡದಲ್ಲಿದ್ದ ಅಶ್ವತ್ಥನಿಗೆ ಫೋನ್ ಹಚ್ಚಿದಳು.

"ಅಶ್ವತ್ಥ ಅವರ, ಮೀಟರ್ ಬಂದ್ ಐತ್ರಿ, ಆದ್ರೂ ಪಾಸ್ ಅನ್ನಾಕತ್ತೈತಿ!"

ಅಶ್ವತ್ಥ ಮೆಲ್ಲಗೆ ಕೇಳಿದ, "ಮೇಡಂ... ಸಿಮ್ಯುಲೇಷನ್ ತೆಗೆದಿದ್ರಿ ತಾನೇ?"

"ಯಾವ ಸಿಮ್ಯುಲೇಷನ್ ರೀ?"

"ಹೊಸ ಮೀಟರ್ ಬರೋವರ್ಗೂ ಪ್ರೋಗ್ರಾಂ ಓಡಿಸಿ ನೋಡೋಣ ಅಂತ ನಾನೇ ಆನ್ ಮಾಡಿಟ್ಟಿದ್ದೆ. ಅದು ಆನ್ ಇದ್ರೆ ಮೀಟರನ್ನ ಕೇಳೋದೇ ಇಲ್ಲ, ಡ್ರೈವರ್ರೇ ಸುಳ್ಳು ಅಂಕಿ ಕೊಡುತ್ತೆ. ನಿಮಗೆ ಹೇಳೋದು ಮರೆತೇಬಿಟ್ಟೆ."

ಕರೆಂಟ್ ಬಂದೊಡನೆ ವಿಜಯಲಕ್ಷ್ಮಿ ಸಿಮ್ಯುಲೇಷನ್ ತೆಗೆದು, ಮೇಜಿನ ಮೇಲೆ ಉಳಿದಿದ್ದ ರೇಡಿಯೋಗಳನ್ನು ಮತ್ತೆ ಪರೀಕ್ಷಿಸಿದಳು. ಮೊದಲನೆಯದು ನಿಜಕ್ಕೂ ಪಾಸು. ಎರಡನೆಯದರಿಂದ ದನಿಯೇ ಹೊರಡಲಿಲ್ಲ.

ಭೀಮುನಿಪಟ್ಟಣದ ಮೀನುಗಾರರ ಸಂಘದ ಸೂರ್ಯಕಾಂತಮ್ಮನಿಗೆ ಫೋನ್ ಮಾಡಿ, ಬಂದಷ್ಟು ತೆಲುಗಿನಲ್ಲಿ ಗೋಗರೆದಳು: ಆ ರೇಡಿಯೋ ನಂಬಬೇಡಿ, ದೋಣಿಗಳನ್ನು ಕಳಿಸಬೇಡಿ.

"ಬೆಳಿಗ್ಗೆಯೇ ಹೋದವಲ್ಲಮ್ಮಾ. ನಮ್ಮ ಯಜಮಾನರೂ ಹೋಗಿದ್ದಾರೆ," ಎಂದಳು ಸೂರ್ಯಕಾಂತಮ್ಮ, ತನ್ನ ತೆಲುಗಿನಲ್ಲಿ. "ಪರ್ವಾಲೇದು, ಚಿಂತೆಯಿಲ್ಲ, ಈಗಲೇ ವಾಪಸ್ ಕರೆಸುತ್ತೇನೆ."

"ಹೇಗೆ ಕರೆಸುತ್ತೀರಿ?"

"ನೀವು ಪಾಸ್ ಮಾಡಿ ಕಳಿಸಿದ ರೇಡಿಯೋ ಇದೆಯಲ್ಲ!"

ಫೋನಿನಲ್ಲೇ ಎಲ್ಲವೂ ಕೇಳಿಸುತ್ತಿತ್ತು. ಸೂರ್ಯಕಾಂತಮ್ಮ ರೇಡಿಯೋದಲ್ಲಿ ಗಂಡನ ದೋಣಿಯ ಹೆಸರು ಹಿಡಿದು ಕೂಗಿದಳು. ಯಾರೂ ಓಗೊಡಲಿಲ್ಲ. ಈ ಸಲ ಇನ್ನೂ ಗಟ್ಟಿಯಾಗಿ ಕೂಗಿದಳು.